ಆಫೀಸಿನಲ್ಲಿ ಇವಿ ಚಾರ್ಜಿಂಗ್: ಚಾರ್ಜರ್ ಆಮೇಲೆ, ವೈರಿಂಗ್ ಮೊದಲು

ಬೆಂಗಳೂರಿನ ಆಫೀಸುಗಳಲ್ಲಿ ಈಗ ಇದು ಮಾಮೂಲಿ. ಗೇಟಿನ ಎದುರಿಗೇ ಹಸಿರು ದೀಪದ ದೊಡ್ಡ ಚಾರ್ಜರ್, ಅದರ ಮೇಲೆ ಕಂಪನಿಯ ಲೋಗೊ. ಅದಕ್ಕೆ ಒಂದು ಗಾಡಿಯೂ ಹಾಕಿರುವುದಿಲ್ಲ. ಹಿಂದುಗಡೆ ಹೋಗಿ ನೋಡಿದರೆ, ಸೆಕ್ಯುರಿಟಿ ರೂಮಿನಿಂದ ಎಳೆದ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ನಾಲ್ಕು ಸ್ಕೂಟರ್ ಜೋತುಬಿದ್ದಿರುತ್ತವೆ.

ದೇಶದಲ್ಲೇ ಮೊದಲು ಇವಿ (ಎಲೆಕ್ಟ್ರಿಕ್ ವಾಹನ) ನೀತಿ ತಂದದ್ದು ನಮ್ಮ ರಾಜ್ಯ, 2017ರಲ್ಲಿ. ಗಾಡಿಗಳೂ ಬಂದವು. ಅವನ್ನು ಕೆಲಸದ ಜಾಗದಲ್ಲಿ ಚಾರ್ಜ್ ಮಾಡಿಸುವುದು ಹೇಗೆ ಎನ್ನುವುದರಲ್ಲಿ ಮಾತ್ರ ಎಚ್‌ಆರ್‌ನವರು ಒಂದು ದಿಕ್ಕಿಗೆ, ಎಲೆಕ್ಟ್ರಿಷಿಯನ್ ಇನ್ನೊಂದು ದಿಕ್ಕಿಗೆ ಎಳೆಯುತ್ತಿದ್ದಾರೆ. ಐವತ್ತರಿಂದ ಇನ್ನೂರು ಜನ ಇರುವ ಆಫೀಸೋ ಕಾರ್ಖಾನೆಯೋ ನಿಮ್ಮದಾಗಿದ್ದರೆ ಹೀಗೆ ಮಾಡಿ.

1. ಯಾರ ಹತ್ತಿರ ಏನಿದೆ, ಕೇಳಿ

ನಾಲ್ಕೇ ಪ್ರಶ್ನೆ ಸಾಕು. ಗಾಡಿ ಯಾವುದು? ದಿನಕ್ಕೆ ಎಷ್ಟು ಕಿಲೋಮೀಟರ್? ಮನೆಯಲ್ಲಿ ಚಾರ್ಜ್ ಮಾಡಲು ಆಗುತ್ತದಾ? ಮುಂದಿನ ವರ್ಷ ಇವಿ ಕೊಳ್ಳುವ ಯೋಚನೆ ಇದೆಯಾ? ಮೂರನೆಯದು ಮುಖ್ಯ. ಸ್ವಂತ ಮನೆ, ಸ್ವಂತ ಶೆಡ್ ಇರುವ ಮ್ಯಾನೇಜರಿಗೆ ಆಫೀಸಿನ ಪ್ಲಗ್ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಪಿಜಿಯಲ್ಲೋ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲೋ ಇರುವ ಹುಡುಗ ಹುಡುಗಿಯರಿಗೆ ಅದೇ ಆಧಾರ. ಅವರ ಹತ್ತಿರ ಇರುವುದು ಹೆಚ್ಚಾಗಿ ಸ್ಕೂಟರ್.

2. ಲೆಕ್ಕ ಹಾಕಿ, ಸೇಲ್ಸ್‌ನವರ ಮಾತು ಆಮೇಲೆ ಕೇಳಿ

ಯಲಹಂಕದಿಂದ ಎಲೆಕ್ಟ್ರಾನಿಕ್ ಸಿಟಿಗೆ ಬಂದ ಕಾರು ಐದಾರು ಯೂನಿಟ್ ತಿಂದಿರುತ್ತದೆ. ಸಾಧಾರಣ 3.3 ಕಿಲೋವ್ಯಾಟ್ ಪಾಯಿಂಟಿಗೆ ಹಾಕಿದರೆ ಎರಡು ಗಂಟೆಯಲ್ಲಿ ಅಷ್ಟೂ ವಾಪಸ್. ಗಾಡಿ ನಿಂತಿರುವುದು ಎಂಟು ಗಂಟೆ. ಸ್ಕೂಟರ್ ಇಪ್ಪತ್ತೈದು ಕಿಲೋಮೀಟರಿಗೆ ಒಂದು ಯೂನಿಟ್ ಕೂಡ ಕೇಳುವುದಿಲ್ಲ, ಬಹುಪಾಲು ಸ್ಕೂಟರುಗಳ ಪೋರ್ಟಬಲ್ ಚಾರ್ಜರ್ ಎಳೆಯುವುದು ಒಂದು ಕಿಲೋವ್ಯಾಟಿಗಿಂತ ಕಡಿಮೆ. ಹೀಗಿರುವಾಗ ಆಫೀಸಿಗೆ ಡಿಸಿ ಫಾಸ್ಟ್ ಚಾರ್ಜರ್ ಯಾಕೆ? ಬೇಡ. 22 ಕಿಲೋವ್ಯಾಟಿನ ಎಸಿ ಚಾರ್ಜರೂ ಬೇಡ. ಇಲ್ಲಿ ಓಡಾಡುವ ಅನೇಕ ಕಾರುಗಳ ಒಳಗಿರುವ, ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ಚಾರ್ಜರೇ 3.3 ಅಥವಾ 7.2 ಕಿಲೋವ್ಯಾಟಿನದ್ದು. ಗೋಡೆಯ ಮೇಲೆ ಎಷ್ಟು ದೊಡ್ಡದು ಹಾಕಿದರೂ ಕಾರು ತನಗೆ ಬೇಕಾದಷ್ಟೇ ಎಳೆಯುತ್ತದೆ.

ನನ್ನ ಸಲಹೆ ಒಂದೇ: ಸ್ಕೂಟರುಗಳಿಗೆ 16 ಆಂಪ್ ಸಾಕೆಟ್ ಧಾರಾಳವಾಗಿ, ಕಾರುಗಳಿಗೆ 7.4 ಕಿಲೋವ್ಯಾಟಿನ ಟೈಪ್ 2 (ಕಾರಿನ ಎಸಿ ಚಾರ್ಜಿಂಗ್ ಪ್ಲಗ್ಗಿನ ಮಾದರಿ) ಚಾರ್ಜರ್ ಒಂದೆರಡು. ದುಡ್ಡು ಮಿಕ್ಕಿದರೆ ಅದನ್ನು ಕೇಬಲ್ಲಿಗೆ ಹಾಕಿ.

3. ಕರೆಂಟ್ ಬಿಲ್ ತೆಗೆಯಿರಿ

ಏಪ್ರಿಲ್, ಮೇ ತಿಂಗಳ ಬಿಲ್ ನೋಡಿ. ಮಂಜೂರಾದ ಲೋಡ್ ಎಷ್ಟು, ದಾಖಲಾದ ಗರಿಷ್ಠ ಬೇಡಿಕೆ ಎಷ್ಟು, ಎರಡೂ ಅದರಲ್ಲೇ ಇರುತ್ತವೆ. ನಡುವೆ ಉಳಿದದ್ದೇ ನಿಮ್ಮ ಜಾಗ. ಹತ್ತು ಸ್ಕೂಟರ್, ನಾಲ್ಕು ಕಾರು ಬೆಳಿಗ್ಗೆ ಒಟ್ಟಿಗೇ ಪ್ಲಗ್ ಆದರೆ ಸುಮಾರು 20 ಕಿಲೋವ್ಯಾಟ್ ಏರುತ್ತದೆ, ಅದೂ ಆಫೀಸಿನ ಏರ್ ಕಂಡಿಷನರುಗಳು ಶುರುವಾಗುವ ಹೊತ್ತಿಗೇ. ಮಿತಿ ದಾಟಿದರೆ ದಂಡ ಬೀಳುತ್ತದೆ. ಜಾಗ ಕಮ್ಮಿ ಇದ್ದರೆ ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕಿ, ಇಲ್ಲವೇ ಇವಿಗೇ ಪ್ರತ್ಯೇಕ ಮೀಟರ್ ತೆಗೆದುಕೊಳ್ಳಿ. ಅದಕ್ಕೆ ಕೆಇಆರ್‌ಸಿ (ರಾಜ್ಯದ ವಿದ್ಯುತ್ ದರ ನಿಗದಿ ಮಾಡುವ ಆಯೋಗ) ಬೇರೆಯೇ ದರ ಇಟ್ಟಿದೆ. ಕೇಂದ್ರದ 2024ರ ಮಾರ್ಗಸೂಚಿ ಕೂಡ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ, ಅಂದರೆ ಸೋಲಾರ್ ಹೊತ್ತಿನಲ್ಲಿ, ಚಾರ್ಜಿಂಗ್ ಅಗ್ಗವಾಗಿರಲಿ ಎನ್ನುತ್ತದೆ. ಆಫೀಸಿನ ಹೊತ್ತೂ ಅದೇ ಅಲ್ವಾ?

ಲೈಸೆನ್ಸ್ ಬೇಕಾ ಎಂದು ಎಲ್ಲರೂ ಕೇಳುತ್ತಾರೆ. ಬೇಡ. ಚಾರ್ಜಿಂಗ್ ಎನ್ನುವುದು ಸೇವೆ, ವಿದ್ಯುತ್ ಮಾರಾಟ ಅಲ್ಲ ಎಂದು ಕೇಂದ್ರ ಇಂಧನ ಸಚಿವಾಲಯ 2018ರಲ್ಲೇ ಹೇಳಿದೆ. ಬಾಡಿಗೆ ಕಟ್ಟಡವಾದರೆ ಓನರ್ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.

4. ವೈರಿಂಗ್ ಮತ್ತು ಅರ್ತಿಂಗ್: ಎಲ್ಲರೂ ಎಡವುವುದು ಇಲ್ಲೇ

ಇಸ್ತ್ರಿಪೆಟ್ಟಿಗೆ, ಗೀಸರ್ ಎಲ್ಲ ಸ್ವಲ್ಪ ಹೊತ್ತು ಎಳೆದು ಸುಮ್ಮನಾಗುತ್ತವೆ. ಕಾರು ಹಾಗಲ್ಲ. 13-14 ಆಂಪ್ ಎಳೆಯಲು ಶುರುಮಾಡಿದರೆ ಗಂಟೆಗಟ್ಟಲೆ ಬಿಡದೆ ಎಳೆಯುತ್ತದೆ. ಇದನ್ನು ಮರೆತ ಕಡೆ ಸಾಕೆಟ್ ಬಿಚ್ಚಿ ನೋಡಿ: ಒಂದು ಪಿನ್ನಿನ ತೂತಿನ ಸುತ್ತ ಪ್ಲಾಸ್ಟಿಕ್ ಕಂದು ತಿರುಗಿ, ಅಂಚು ಕರಗಿ ಒಳಕ್ಕೆ ಇಳಿದಿರುತ್ತದೆ. ಹಿಂದೆ ಸ್ಕ್ರೂ ಸಡಿಲ. ವೈರಿನ ಎಳೆಗಳಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ. ಕಳಪೆ ಸಾಕೆಟ್ ಎಂದು ಬೈಯುತ್ತಾರೆ. ಸಾಮಾನ್ಯವಾಗಿ ತಪ್ಪು ಆ ಸ್ಕ್ರೂವಿನದ್ದು.

ಆದ್ದರಿಂದ 16 ಆಂಪ್ ಸಾಕೆಟ್ಟಿಗೆ 4 ಸ್ಕ್ವೇರ್ ಎಂಎಂ ದಪ್ಪದ ತಾಮ್ರದ ವೈರ್. ‘ಟೂ ಪಾಯಿಂಟ್ ಫೈವ್ ಸಾಕು ಸಾರ್’ ಎನ್ನುತ್ತಾರೆ, ಒಪ್ಪಬೇಡಿ. 32 ಆಂಪ್ ಎಳೆಯುವ 7.4 ಕಿಲೋವ್ಯಾಟ್ ಚಾರ್ಜರಿಗೆ 6, ಪ್ಯಾನೆಲ್ ದೂರವಿದ್ದರೆ 10. ಸಾಕೆಟ್ಟಿನ ಬಳಿ ಅಲ್ಯೂಮಿನಿಯಂ ವೈರ್ ಬೇಡವೇ ಬೇಡ. ನಡುವೆ ಟೇಪ್ ಸುತ್ತಿದ ಜಾಯಿಂಟ್ ಇರಬಾರದು. ವೈರಿನ ತುದಿಗೆ ಲಗ್ (ಲೋಹದ ತುದಿ) ಹಾಕಿ ಕ್ರಿಂಪ್ ಮಾಡಿಸಿ, ಅಂದರೆ ಒತ್ತಿ ಬಿಗಿ ಮಾಡಿಸಿ. ಇವೆಲ್ಲ ಕೊಟೇಷನ್ನಿನಲ್ಲೇ ಬರೆದಿರಲಿ.

ಮೂರು ಫೇಸಿಗೂ ಹಂಚಿ. ಎಲ್ಲ ಕಾರುಗಳೂ ಒಂದೇ ಫೇಸಿನಲ್ಲಿ ಕೂತರೆ ಆ ಫೇಸಿನ ಮೇಲಿರುವ ಕಂಪ್ಯೂಟರು, ಲೈಟು ಎಲ್ಲ ಮಂಕು.

ಇನ್ನು ಪ್ರತಿ ಪಾಯಿಂಟಿಗೂ ಅದರದೇ 30 ಮಿಲಿಆಂಪಿನ ಆರ್‌ಸಿಬಿಒ (ಕರೆಂಟ್ ಸೋರಿದರೂ ಮಿತಿ ಮೀರಿದರೂ ತಾನೇ ಬಿದ್ದು ಆಫ್ ಆಗುವ ಸ್ವಿಚ್) ಬೇಕು. ದುಡ್ಡು ಉಳಿಸಲು ಹತ್ತು ಸಾಕೆಟ್ಟಿಗೆ ಒಂದೇ ಆರ್‌ಸಿಸಿಬಿ (ಸೋರಿಕೆ ಮಾತ್ರ ಹಿಡಿಯುವ ಸ್ವಿಚ್) ಹಾಕುತ್ತಾರೆ. ಒಬ್ಬರ ಒದ್ದೆಯಾದ ಚಾರ್ಜರ್ ಹನ್ನೊಂದು ಗಂಟೆಗೆ ಅದನ್ನು ಬೀಳಿಸುತ್ತದೆ, ಸಂಜೆ ಹತ್ತೂ ಜನ ಬಂದು ನೋಡಿದರೆ ಬ್ಯಾಟರಿ ಬೆಳಿಗ್ಗೆ ಇದ್ದಷ್ಟೇ. ಮತ್ತೆ, ಆರ್‌ಸಿಬಿಒದ ಟೈಪ್ ನೋಡಿ ಕೊಳ್ಳಿ. ಮುಖದ ಮೇಲೆ ಬರೀ ಒಂದು ಅಲೆಯ ಗುರುತಿದ್ದರೆ ಅದು ಎಸಿ ಟೈಪ್. ಅಲೆಯ ಕೆಳಗೆ ಅರ್ಧರ್ಧ ಗುಡ್ಡಗಳ ಗುರುತೂ ಇದ್ದರೆ ಎ ಟೈಪ್. ನಮಗೆ ಬೇಕಾದದ್ದು ಎ. ಗಾಡಿಯ ಚಾರ್ಜರಿನಲ್ಲಿ ದೋಷ ಬಂದರೆ ಸೋರುವ ಕರೆಂಟ್ ಶುದ್ಧ ಎಸಿ ಆಗಿರಬೇಕೆಂದಿಲ್ಲ. ಅಂಥದ್ದು ಎಸಿ ಟೈಪಿನ ಕಣ್ಣಿಗೆ ಬೀಳದೇ ಹೋಗಬಹುದು. ಕಾರಿನ ಚಾರ್ಜರ್ ಕೊಳ್ಳುವಾಗ ಒಳಗೇ 6 ಮಿಲಿಆಂಪ್ ಡಿಸಿ ಲೀಕೇಜ್ ಪತ್ತೆ ಇದೆಯಾ ಎಂದು ಕೇಳಿ. ಇಲ್ಲದಿದ್ದರೆ ಬಿ ಟೈಪ್ ಹಾಕಬೇಕಾಗುತ್ತದೆ, ಅದು ದುಬಾರಿ.

ಈಗ ಅರ್ತಿಂಗ್. ಅರ್ತ್ ಸರಿ ಇಲ್ಲದಿದ್ದರೆ ಕಾರಿನ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನೆ ಕೂತುಬಿಡುತ್ತದೆ. ಸರಿಯಾದ ದಾರಿ ಹೊಸ ಅರ್ತ್ ಪಿಟ್ ತೆಗೆದು, ಅಲ್ಲಿಂದ ಇವಿ ಡಿಬಿಗೆ (ಚಾರ್ಜಿಂಗ್ ಲೈನುಗಳು ಹೊರಡುವ ಬೋರ್ಡಿಗೆ) ಪಟ್ಟಿ ಎಳೆಯುವುದು. ಅಡ್ಡದಾರಿ ಯಾವುದು ಗೊತ್ತಾ? ಸಾಕೆಟ್ಟಿನ ಒಳಗೆ ಒಂದು ತುಂಡು ವೈರಿನಿಂದ ನ್ಯೂಟ್ರಲ್ಲನ್ನೂ ಅರ್ತನ್ನೂ ಲೂಪ್ ಹೊಡೆಯುವುದು. ತಕ್ಷಣ ಹಸಿರು ದೀಪ, ಎಲ್ಲರಿಗೂ ಖುಷಿ, ಬಿಲ್ ಪಾಸ್. ಹೀಗೆ ಮಾಡಿದರೆ ಆರ್‌ಸಿಸಿಬಿ ಬೀಳುತ್ತಲೇ ಇರುತ್ತದೆ, ಹಾಗಾಗಿ ಅದನ್ನೂ ಕಿತ್ತು, ಸೋರಿಕೆ ಹಿಡಿಯದ ಎಂಸಿಬಿ ಸ್ವಿಚ್ಚನ್ನು ಮಾತ್ರ ಬಿಡುತ್ತಾರೆ. ಒಂದು ದಿನ ಹಿಂದೆಲ್ಲೋ ನ್ಯೂಟ್ರಲ್ ಕಡಿದುಹೋದರೆ ಪೂರ್ತಿ 230 ವೋಲ್ಟ್ ಬಂದು ಕೂರುವುದು ಗಾಡಿಯ ಬಾಡಿಯ ಮೇಲೆ. ಮಳೆಯಲ್ಲಿ ಒದ್ದೆ ಕೈಯಿಂದ ಬಾಗಿಲು ಮುಟ್ಟುವವರ ಗತಿ ಯೋಚಿಸಿ.

ಇದನ್ನು ಹಿಡಿಯುವುದು ಸುಲಭ. ಬೇರೆ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ, ಪ್ಯಾನೆಲ್ಲಿನಿಂದ ದೂರದ ಪಾಯಿಂಟಿನಲ್ಲಿ ಗಾಡಿ ಚಾರ್ಜ್ ಆಗುತ್ತಿರುವಾಗಲೇ ನ್ಯೂಟ್ರಲ್ಲಿಗೂ ಅರ್ತಿಗೂ ನಡುವಿನ ವೋಲ್ಟೇಜ್ ಅಳೆಸಿ. ಒಂದೆರಡು ವೋಲ್ಟ್ ತೋರಿಸಿದರೆ ಸಹಜ. ಐದು ದಾಟಿದರೆ ಅರ್ತೋ ನ್ಯೂಟ್ರಲ್ಲೋ ಕೆಟ್ಟಿದೆ. ಅಷ್ಟು ಲೋಡ್ ಇದ್ದೂ ಸೊನ್ನೆ ಎಂದರೆ ಸೊನ್ನೆ ತೋರಿಸಿದರೆ ಎಂಸಿಬಿ ಇಳಿಸಿ ಸಾಕೆಟ್ ಬಿಚ್ಚಿಸಿ, ಆ ತುಂಡು ವೈರ್ ಸಿಗಬಹುದು. ಪಿಟ್ಟಿನ ರೆಸಿಸ್ಟೆನ್ಸ್ 5 ಓಮ್ ಒಳಗೆ ಬರುವವರೆಗೆ ನಾನಂತೂ ಸಹಿ ಹಾಕುವುದಿಲ್ಲ.

ಕೊನೆಗೆ, ಇವಿ ಡಿಬಿಗೆ ಲೈನ್ ಎಲ್ಲಿಂದ? ರಾ ಪವರ್ ಪ್ಯಾನೆಲ್ಲಿನಿಂದ, ಅಂದರೆ ಬ್ಯಾಕಪ್ ಇಲ್ಲದ ನೇರ ಲೈನಿನಿಂದ ಮಾತ್ರ. ಯುಪಿಎಸ್ ಲೈನಿಗೆ ಕೊಡಲೇಬೇಡಿ. ಜನರೇಟರ್ ಲೈನಿಗೂ ಬೇಡ. ಕರೆಂಟ್ ಹೋದಾಗ ಡೀಸೆಲ್ ಸುಟ್ಟು ಎಲೆಕ್ಟ್ರಿಕ್ ಗಾಡಿ ಓಡಿಸುವ ಚಂದ ನೋಡಬೇಕು.

5. ಸಾಕೆಟ್, ಚಾರ್ಜರ್

6 ಮತ್ತು 16 ಆಂಪ್ ಎರಡೂ ಪ್ಲಗ್ ಹಿಡಿಸುವ ಸಾಕೆಟ್, ಐಎಸ್‌ಐ ಗುರುತಿನದ್ದು. ಚೆಂದ ಕಾಣುವ ತೆಳು ಸಾಕೆಟ್ ಬೇಡ. ಪಿನ್ ಕಚ್ಚಿ ಹಿಡಿಯಬೇಕು. ಆನ್‌ಲೈನಿನಲ್ಲಿ ಸಿಗುವ ‘ಇವಿ ಎಕ್ಸ್‌ಟೆನ್ಷನ್ ಬೋರ್ಡ್’ಗಳನ್ನು ಗೇಟಿನೊಳಗೇ ಬಿಡಬೇಡಿ. ಕಾರಿನ ಚಾರ್ಜರ್ ಐಎಸ್ 17017 (ಇವಿ ಚಾರ್ಜಿಂಗಿನ ಭಾರತೀಯ ಮಾನದಂಡ) ಪ್ರಕಾರ ಇರಲಿ. ಹೊರಗೆ ಹಾಕುವುದಾದರೆ ಐಪಿ 54 (ದೂಳು, ನೀರು ತಡೆಯುವ ಮಟ್ಟ) ಅಥವಾ ಮೇಲಿನದ್ದು, ಮೇಲೊಂದು ಶೀಟ್. ಬೇಸ್‌ಮೆಂಟಿನಲ್ಲಾದರೆ ಎದೆ ಎತ್ತರಕ್ಕೆ ಹಾಕಿ, ಡಿಬಿಯನ್ನು ಮೇಲಿನ ಮಹಡಿಯಲ್ಲಿಡಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆಯ ಕಡೆ ಬೇಸ್‌ಮೆಂಟುಗಳಿಗೆ ನೀರು ನುಗ್ಗಿದ್ದನ್ನು ಯಾರಿಗೂ ನೆನಪಿಸಬೇಕಾಗಿಲ್ಲ.

ಬ್ಯಾಟರಿ ಬಿಚ್ಚಿ ತರುವ ಸ್ಕೂಟರ್ ಇದ್ದವರು ಅದನ್ನು ಮೇಜಿನ ಕೆಳಗೆ ಚಾರ್ಜಿಗೆ ಇಡುತ್ತಾರೆ. ಬಿಡಬೇಡಿ. ಪಾರ್ಕಿಂಗಿನಲ್ಲೇ ಬೀಗ ಹಾಕುವ ಸಿಮೆಂಟ್ ಕಟ್ಟೆಯೋ ಕಬ್ಬಿಣದ ರ‍್ಯಾಕೋ ಮಾಡಿಕೊಡಿ.

6. ಜಾಗ, ನಿಯಮ, ದುಡ್ಡು

ಕಾರಿನ ಚಾರ್ಜರನ್ನು ಮೂಲೆಗೆ ಹಾಕಬೇಡಿ. ನಾಲ್ಕು ಸ್ಲಾಟ್ ಸೇರುವ ಕಂಬಕ್ಕೆ ಹಾಕಿ. ಆಗ ಮಧ್ಯಾಹ್ನ ಯಾರೂ ಕಾರು ತೆಗೆಯಬೇಕಾಗಿಲ್ಲ, ಗನ್ (ಚಾರ್ಜರಿನ ಕೇಬಲ್ ತುದಿಯ ಪ್ಲಗ್) ಮಾತ್ರ ಪಕ್ಕದ ಕಾರಿಗೆ ಹೋಗುತ್ತದೆ. ಊಟಕ್ಕೆ ಮೊದಲು ಒಂದು ಪಾಳಿ, ಆಮೇಲೆ ಒಂದು. ಗನ್ ಬದಲಾಯಿಸುವುದು ಮೊದಲ ಪಾಳಿಯವರ ಕೆಲಸ, ಸೆಕ್ಯುರಿಟಿಯವರದ್ದಲ್ಲ. ಕಾರು ಲಾಕ್ ಆಗಿದ್ದರೆ ಗನ್ ಸಾಮಾನ್ಯವಾಗಿ ಬಿಡುವುದೇ ಇಲ್ಲ, ಎಳೆದಾಡಿದರೆ ಮುರಿಯುತ್ತದೆ.

ಸ್ಕೂಟರಿಗೆ ಬಿಟ್ಟಿ ಕೊಡಿ. ದಿನಕ್ಕೆ ಒಂದು ಯೂನಿಟ್ಟಿನ ಬೆಲೆ ಬೈ-ಟೂ ಕಾಫಿಗಿಂತ ಕಮ್ಮಿ, ಅದಕ್ಕೆ ಆಪ್, ಆರ್‌ಎಫ್‌ಐಡಿ ಕಾರ್ಡ್ ಎಲ್ಲ ಮಾಡುವ ಖರ್ಚೇ ಜಾಸ್ತಿ. ಕಾರುಗಳಿಗೆ ಮಾತ್ರ ಸಬ್‌ಮೀಟರ್ ಇಟ್ಟು, ಬಿಲ್ಲಿನ ದರಕ್ಕೇ ಸಂಬಳದಲ್ಲಿ ಹಿಡಿದುಕೊಳ್ಳಿ. ಲಾಭ ಇಡಬೇಡಿ, ಜಗಳ ಶುರುವಾಗುತ್ತದೆ.

ಶುರುವಾಗಿ ಒಂದು ತಿಂಗಳಿಗೆ ಎಲ್ಲ ಸಾಕೆಟ್ಟು, ಡಿಬಿಯ ಸ್ಕ್ರೂಗಳನ್ನು ಮತ್ತೆ ಬಿಗಿ ಮಾಡಿಸಿ, ಬಿಸಿ ತಣ್ಣಗಾಗಿ ಅವು ಸಡಿಲವಾಗುತ್ತವೆ. ಆಮೇಲೆ ಆರು ತಿಂಗಳಿಗೊಮ್ಮೆ ಸಾಕು. ಆರ್‌ಸಿಬಿಒಗಳ ಮೇಲಿರುವ ‘ಟಿ’ ಬಟನ್ನನ್ನು ಮಾತ್ರ ತಿಂಗಳಿಗೊಮ್ಮೆ ಒತ್ತಿ ನೋಡಿ. ಒತ್ತಿದ ತಕ್ಷಣ ಬೀಳದಿದ್ದರೆ ಅವತ್ತೇ ಬದಲಾಯಿಸಿ. ಅಲ್ಲಿಯವರೆಗೆ ಆ ಸಾಕೆಟ್ಟಿಗೆ ಬೀಗ.