ನೀರಿನ ದಂಡೆಯ ದೊಡ್ಡ ಹೋಟೆಲಿಗೆ ಕೆಲಸದ ಮೇಲೆ ಹೋಗುವಾಗ

ಕಂಪನಿಗಳಿಗೆ ಟ್ರೇನಿಂಗ್ ಕೊಡುವುದು ನನ್ನ ಕೆಲಸ. ಹಾಗಾಗಿ ಸಮುದ್ರ, ಕೆರೆ, ನದಿ ದಂಡೆಯ ದೊಡ್ಡ ಹೋಟೆಲುಗಳಲ್ಲಿ ಆಗಾಗ ಉಳಿಯುತ್ತೇನೆ. ಅಲ್ಲಿ ಏನೇನು ಸಿಗುತ್ತದೆ ಅಂತ ಮೊದಲ ಸಲ ಹೋಗುವವರು ಕೇಳುತ್ತಿರುತ್ತಾರೆ. ಕೇಳಿದರೆ ಬಹಳಷ್ಟು ಮಾಡಿಕೊಡುತ್ತಾರೆ. ಆದರೆ ಬುಕ್ ಮಾಡುವಾಗಲೇ ಕೇಳಬೇಕು. ಇಂಥ ಹೋಟೆಲುಗಳು ರಜೆಗೆ ಬರುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದಂಥವು. ನಿಮಗೆ ಬೇಕಾದದ್ದು ಬೇರೆ ಅಂತ ನೀವೇ ಹೇಳದೆ ಅವರಿಗೆ ಗೊತ್ತಾಗುವುದಿಲ್ಲ.

ಮೊದಲು ರೂಮು. ‘ಸೀ ಫ್ರಂಟ್’ ಅಂದರೆ ಸಾಮಾನ್ಯವಾಗಿ ಕಿಟಕಿ ನೇರ ನೀರಿನ ಕಡೆಗಿರುತ್ತದೆ. ‘ಸೀ ವ್ಯೂ’ ಅಂದರೆ ನೀರು ಕಾಣುತ್ತದೆ, ನಡುವೆ ಈಜುಕೊಳವೋ ಪಾರ್ಕಿಂಗೋ ಇರಬಹುದು. ‘ಪಾರ್ಷಿಯಲ್ ವ್ಯೂ’ ಅಂದರೆ ಬಾಲ್ಕನಿಗೆ ಹೋಗಿ ಕತ್ತು ತಿರುಗಿಸಿ ನೋಡಬೇಕು. ಈ ಹೆಸರುಗಳ ಅರ್ಥ ಎಲ್ಲ ಹೋಟೆಲಿನಲ್ಲೂ ಒಂದೇ ಅಲ್ಲ. ಅದಕ್ಕೇ ಫೋನ್ ಮಾಡಿ, ‘ಕಿಟಕಿಯಿಂದ ಏನು ಕಾಣುತ್ತೆ, ಯಾವ ದಿಕ್ಕಿಗಿದೆ?’ ಅಂತ ಕೇಳಿ.

ದಿಕ್ಕು ಯಾಕೆ ಅಂದರೆ, ಪಶ್ಚಿಮಕ್ಕೆ ಮುಖ ಮಾಡಿದ ರೂಮಿನಲ್ಲಿ ಮಧ್ಯಾಹ್ನದ ಮೇಲೆ ಬಿಸಿಲು ಎರಡೆರಡು ದಾರಿಯಲ್ಲಿ ಒಳಗೆ ಬರುತ್ತದೆ. ಆಕಾಶದಿಂದ ಒಂದು, ನೀರಿಗೆ ಬಡಿದು ಇನ್ನೊಂದು. ಲ್ಯಾಪ್‌ಟಾಪ್ ಸ್ಕ್ರೀನ್ ಓದೋಕೇ ಆಗುವುದಿಲ್ಲ. ಆ ಹೊತ್ತಿಗೆ ವಿಡಿಯೋ ಕಾಲ್ ಇದ್ದರೆ ಕಿಟಕಿಗೆ ಬೆನ್ನು ಹಾಕಿ ಕೂರಬೇಡಿ, ನಿಮ್ಮ ಮುಖ ಕಪ್ಪಾಗಿ ಕಾಣುತ್ತದೆ. ಕಿಟಕಿ ಪಕ್ಕಕ್ಕೆ ಬರುವ ಹಾಗೆ ಕೂತು ತೆಳು ಪರದೆ ಎಳೆದುಕೊಂಡರೆ ಬೆಳಕು ಹದವಾಗಿರುತ್ತದೆ. ಸಂಜೆ ಕಾಲ್‌ಗಳೇ ಜಾಸ್ತಿ ಇದ್ದರೆ ನಾನು ಪೂರ್ವದ ಕಡೆಯ ರೂಮು ಕೇಳುತ್ತೇನೆ.

ಟೇಬಲ್ ಬಗ್ಗೆ ಕೇಳಲೇಬೇಕು. ರೆಸಾರ್ಟ್ ಥರದ ರೂಮುಗಳಲ್ಲಿ ಸೋಫಾ, ಸಣ್ಣ ದುಂಡು ಮೇಜು ಇಟ್ಟು ಬಿಟ್ಟಿರುತ್ತಾರೆ. ಎರಡು ಗಂಟೆ ಕೂತು ಕೆಲಸ ಮಾಡಿದರೆ ಬೆನ್ನು ಹಿಡಿದುಕೊಳ್ಳುತ್ತದೆ. ಮೊದಲೇ ಹೇಳಿದರೆ ಮೀಟಿಂಗ್ ಹಾಲಿನಿಂದ ಒಂದು ಕುರ್ಚಿ ತಂದು ಹಾಕಿಕೊಡುವವರೂ ಇದ್ದಾರೆ. ಇನ್ನೊಂದು ವಿಷಯ: ಕೀ ಕಾರ್ಡ್ ತೆಗೆದರೆ ರೂಮಿನ ಕರೆಂಟ್ ಹೋಗುವ ಕಡೆ, ಲ್ಯಾಪ್‌ಟಾಪ್ ಚಾರ್ಜ್ ಆಗುವುದೂ ನಿಂತುಬಿಡುತ್ತದೆ. ಯಾವ ಸಾಕೆಟ್ ಯಾವಾಗಲೂ ಆನ್ ಇರುತ್ತದೆ ಅಂತ ರೂಮು ತೋರಿಸಲು ಬಂದವರನ್ನೇ ಕೇಳಿಬಿಡಿ.

ಬಾಲ್ಕನಿ ಬಾಗಿಲು ತೆಗೆದಿಟ್ಟು, ಅಲೆಯ ಸದ್ದು ಕೇಳುತ್ತಾ ಕೆಲಸ ಮಾಡೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ಬಹಳ ಕಡೆ ಆ ಬಾಗಿಲಿಗೆ ಸೆನ್ಸರ್ ಇರುತ್ತದೆ, ತೆಗೆದ ಸ್ವಲ್ಪ ಹೊತ್ತಿಗೆ ಎಸಿ ನಿಲ್ಲುತ್ತದೆ. ಎಸಿ ಕೆಟ್ಟಿದೆ ಅಂತ ರಿಸೆಪ್ಷನ್‌ಗೆ ಫೋನ್ ಮಾಡುವ ಮೊದಲು ಬಾಗಿಲು ಸರಿಯಾಗಿ ಹಾಕಿದೆಯಾ ನೋಡಿ. ತಣ್ಣಗಿನ ರೂಮಿನಿಂದ ಕ್ಯಾಮೆರಾ ಹಿಡಿದು ನೇರ ಹೊರಗೆ ಬಂದರೆ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಹೊರಗಿನ ಗಾಳಿಯ ತೇವ ತಣ್ಣಗಿನ ಗಾಜಿಗೆ ತಾಗಿ ನೀರಾಗುವುದು ಅದು. ಕಾರ್ಯಕ್ರಮದ ಫೋಟೋ ತೆಗೆಯುವುದಿದ್ದರೆ ಕ್ಯಾಮೆರಾವನ್ನು ಬ್ಯಾಗಿನಲ್ಲೇ ಮುಚ್ಚಿಟ್ಟು, ಅರ್ಧ ಗಂಟೆ ಮುಂಚೆ ಹೊರಗೆ ತಂದಿಡಿ.

ರಾತ್ರಿ ನಿದ್ದೆ ಮುಖ್ಯ, ಅಲ್ವಾ? ನೀರಿನ ಪಕ್ಕದ ಲಾನ್ ಅಂದರೆ ಮದುವೆ, ಪಾರ್ಟಿಗಳಿಗೆ ಬೇಡಿಕೆ ಇರುವ ಜಾಗ. ಜೊತೆಗೆ ರಾತ್ರಿ ನೀರಿನ ಮೇಲೆ ಸದ್ದು ದೂರ ಹೋಗುತ್ತದೆ. ನೀರಿಗೆ ಹತ್ತಿರದ ಗಾಳಿ ತಣ್ಣಗಾಗಿ, ಮೇಲಿನದು ಬೆಚ್ಚಗೆ ಉಳಿದಾಗ, ಮೇಲೆ ಹೋಗಬೇಕಾದ ಸದ್ದು ಕೆಳಕ್ಕೆ ಬಾಗುತ್ತದೆ. ಆಚೆ ದಡದ ಹಾಡೂ ಕಿವಿಗೆ ಬೀಳುವುದು ಇದರಿಂದಲೇ. ‘ಆ ದಿನ ಲಾನಿನಲ್ಲಿ ಏನಾದರೂ ಫಂಕ್ಷನ್ ಇದೆಯಾ, ಎಷ್ಟು ಹೊತ್ತಿಗೆ ಮುಗಿಯುತ್ತೆ?’ ಅಂತ ಕೇಳಿ. ಇದೆ ಅಂದರೆ ಇನ್ನೊಂದು ಬದಿಯ ರೂಮು ಕೊಡಿ ಅನ್ನಿ. ಮರುದಿನ ಬೆಳಿಗ್ಗೆ ಮುಖ್ಯವಾದ ಮೀಟಿಂಗ್ ಇದ್ದರೆ ನಾನಂತೂ ನೋಟ ಬಿಟ್ಟು ನಿದ್ದೆಯನ್ನೇ ಆರಿಸುತ್ತೇನೆ.

ನೀವೇ ಮೀಟಿಂಗ್ ನಡೆಸುವವರಾದರೆ ಹಾಲಿನ ವಿಷಯಕ್ಕೆ ಜಾಸ್ತಿ ಸಮಯ ಕೊಡಿ. ಒಂದು ಗೋಡೆ ಪೂರ್ತಿ ಗಾಜು, ಆಚೆ ನೀರು ಇರುವ ಹಾಲನ್ನೇ ಮೊದಲು ತೋರಿಸುತ್ತಾರೆ. ಫೋಟೋದಲ್ಲಿ ಅದ್ಭುತವಾಗಿರುತ್ತದೆ. ಆದರೆ ಹಗಲಲ್ಲಿ ಅಲ್ಲಿ ಪ್ರೊಜೆಕ್ಟರ್ ಹಾಕಿದರೆ ಸ್ಲೈಡ್ ಮಸುಕಾಗುತ್ತದೆ. ಪರದೆ ಎಳೆದರೆ ನೀರೇ ಕಾಣುವುದಿಲ್ಲ, ದುಡ್ಡು ಕೊಟ್ಟದ್ದು ಅದಕ್ಕೇ ಆಗಿರುತ್ತದೆ. ನನ್ನ ಲೆಕ್ಕ ಸರಳ: ಕಲಿಸುವುದು ಒಳಗಿನ ಹಾಲಿನಲ್ಲಿ, ಕಾಫಿ ಬಿಡುವು ನೀರಿನ ಪಕ್ಕದಲ್ಲಿ. ಜನ ಹೊರಗೆ ಹತ್ತು ನಿಮಿಷ ನಿಂತು ಬಂದರೆ ಮುಂದಿನ ಅವಧಿಗೆ ಮುಖ ಅರಳಿರುತ್ತದೆ. ಗಾಜಿನ ಹಾಲೇ ಬೇಕು ಅಂದರೆ ಪ್ರೊಜೆಕ್ಟರ್ ಬದಲು ದೊಡ್ಡ ಎಲ್‌ಇಡಿ ಸ್ಕ್ರೀನ್ ಕೇಳಿ, ಕಿಟಕಿಯ ಬೆಳಕು ನೇರ ಅದರ ಮೇಲೆ ಬೀಳದ ಹಾಗೆ ಇಡಿಸಿ.

ಹಾಲಿನ ನಡುವೆ ಕಂಬ ಇದೆಯಾ ಅಂತಲೂ ನೋಡಿಕೊಳ್ಳಿ. ಮಡಚುವ ಗೋಡೆಯಿಂದ ದೊಡ್ಡ ಹಾಲನ್ನು ಎರಡು ಮಾಡಿದ್ದರೆ ಪಕ್ಕದವರ ಮೈಕು, ಚಪ್ಪಾಳೆ ಎಲ್ಲ ಈಚೆ ಬರುತ್ತದೆ. ಪಕ್ಕದ ಭಾಗ ಯಾರಿಗೆ ಕೊಟ್ಟಿದ್ದಾರೆ ಅಂತ ವಿಚಾರಿಸುವುದು ತಪ್ಪಲ್ಲ. ಕುರ್ಚಿ ಹೇಗೆ ಹಾಕಬೇಕು ಅಂತ ಹಿಂದಿನ ದಿನವೇ ಹೇಳಿ. ಎಲ್ಲರೂ ಮಾತಾಡಬೇಕಾದರೆ ಯು ಆಕಾರ, ಬರೆದುಕೊಳ್ಳಬೇಕಾದರೆ ಕ್ಲಾಸ್‌ರೂಮ್ ಥರ, ಬರೀ ಕೇಳುವುದಾದರೆ ಥಿಯೇಟರ್ ಥರ.

ವೈಫೈ ಇದೆ ಅಂದರೆ ಸಾಲದು. ರೂಮಿನದು ಬೇರೆ, ಹಾಲಿನದು ಬೇರೆ ಆಗಿರಬಹುದು. ಒಂದು ಲಾಗಿನ್‌ಗೆ ಎಷ್ಟು ಡಿವೈಸ್ ಅಂತ ಮಿತಿ ಇರುತ್ತದೆ. ವಿಡಿಯೋ ಕಾಲ್‌ಗೆ ಅಪ್‌ಲೋಡ್ ವೇಗವೂ ಬೇಕು, ಬಂದ ಕೂಡಲೇ ಪರೀಕ್ಷೆ ಮಾಡಿ. ಹಾಲಿನಲ್ಲಿ ಕೇಬಲ್ ಕನೆಕ್ಷನ್ ಸಿಕ್ಕರೆ ಅದನ್ನೇ ಹಾಕಿಸಿಕೊಳ್ಳಿ.

ಗ್ರಾಹಕರನ್ನು ಹೊರಗೆ ನೀರಿನ ಪಕ್ಕ ಊಟಕ್ಕೆ ಕೂರಿಸಬೇಕು ಅಂತಿದ್ದರೆ ಗಾಳಿಯ ಲೆಕ್ಕ ಹಾಕಿ. ಹಗಲಲ್ಲಿ ನೆಲ ಸಮುದ್ರಕ್ಕಿಂತ ಬೇಗ ಕಾಯುತ್ತದೆ, ಅದಕ್ಕೆ ಗಾಳಿ ಸಮುದ್ರದಿಂದ ದಡಕ್ಕೆ ಬೀಸುತ್ತದೆ. ಮಧ್ಯಾಹ್ನದ ಮೇಲೆ ಅದು ಜೋರು, ಸೂರ್ಯ ಮುಳುಗಿದ ಮೇಲೆ ಸಾಮಾನ್ಯವಾಗಿ ತಗ್ಗುತ್ತದೆ. ನಾಲ್ಕು ಗಂಟೆಗೆ ಹೊರಗೆ ಕಾಗದ ಹರಡಿಕೊಂಡು ಕೂರುವುದು ಕಷ್ಟ, ಕತ್ತಲಾದ ಮೇಲಿನ ಊಟ ಆರಾಮ. ಮರಳಿನ ಮೇಲೆ ನಡೆಯುತ್ತಾ ಮಾತಾಡುವ ಯೋಚನೆ ಇದ್ದರೆ ಇಳಿತದ ಸಮಯ ಕೇಳಿಕೊಳ್ಳಿ. ಹೆಚ್ಚಿನ ಕಡಲತೀರಗಳಲ್ಲಿ ಭರತಕ್ಕೂ ಇಳಿತಕ್ಕೂ ನಡುವೆ ಸುಮಾರು 6 ಗಂಟೆ. ದಿನದಿಂದ ದಿನಕ್ಕೆ ಇಳಿತದ ಸಮಯ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ.

ಉಳಿದದ್ದು ಬೇಗ ಹೇಳುತ್ತೇನೆ. ಚೆಕ್ ಇನ್ ಹೆಚ್ಚಾಗಿ ಮಧ್ಯಾಹ್ನ 2 ಅಥವಾ 3ಕ್ಕೆ. ಬೆಳಿಗ್ಗೆಯೇ ಬಂದಿಳಿದರೆ ಬ್ಯಾಗ್ ಇಟ್ಟುಕೊಳ್ಳುತ್ತಾರೆ, ಜಿಮ್ ಅಥವಾ ಸ್ಪಾ ಪಕ್ಕದ ಬಾತ್‌ರೂಮಿನಲ್ಲಿ ಸ್ನಾನ ಮಾಡಿ ಮೀಟಿಂಗ್‌ಗೆ ಹೊರಡಬಹುದು. ತಿಂಡಿ ಶುರುವಾಗುವ ಮೊದಲೇ ಹೊರಡುವುದಿದ್ದರೆ ರಾತ್ರಿಯೇ ಹೇಳಿ, ಕಟ್ಟಿಕೊಡುತ್ತಾರೆ. ಒಂದೇ ದಿನದಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವುದಕ್ಕೆ ದರ ಜಾಸ್ತಿ. ದಂಡೆಯ ಹೋಟೆಲಿಗೆ ಕೆಲವೊಮ್ಮೆ ಒಂದೇ ರಸ್ತೆ ಇರುತ್ತದೆ, ಹಾಗಾಗಿ ಆಫೀಸು ಎಷ್ಟು ಕಿಲೋಮೀಟರ್ ಅನ್ನುವುದಕ್ಕಿಂತ ಬೆಳಿಗ್ಗೆ 9ಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಕೇಳಿ.

ಚೆಕ್ ಇನ್ ವೇಳೆ ಕಾರ್ಡಿನಲ್ಲಿ ಡಿಪಾಸಿಟ್ ಅಂತ ಒಂದಷ್ಟು ಹಣ ತಡೆಹಿಡಿಯುತ್ತಾರೆ. ಅದು ಖರ್ಚಲ್ಲ, ಆದರೆ ಬಿಡುಗಡೆಯಾಗಲು ಕೆಲವು ದಿನ ಬೇಕು. ಡೆಬಿಟ್ ಕಾರ್ಡ್ ಕೊಟ್ಟರೆ ಅಷ್ಟು ದಿನ ನಿಮ್ಮ ಸ್ವಂತ ದುಡ್ಡೇ ಸಿಕ್ಕಿಕೊಂಡಿರುತ್ತದೆ, ಕ್ರೆಡಿಟ್ ಕಾರ್ಡ್ ಕೊಡುವುದು ಒಳ್ಳೆಯದು. ಕಂಪನಿ ಕೊಡುವ ಖರ್ಚಿಗೆ ಒಂದು ಬಿಲ್ಲು, ನಿಮ್ಮ ಸ್ವಂತದ್ದಕ್ಕೆ ಇನ್ನೊಂದು ಮಾಡಿ ಅಂತ ಮೊದಲ ದಿನವೇ ಹೇಳಿಡಿ. ಹೊರಡುವ ಹಿಂದಿನ ರಾತ್ರಿ ಬಿಲ್ಲಿನ ಕರಡು ತರಿಸಿ, ಕಂಪನಿಯ ಹೆಸರು, ತೆರಿಗೆ ನಂಬರು ಸರಿಯಿದೆಯಾ ನೋಡಿ. ಬೆಳಿಗ್ಗೆ ಟ್ಯಾಕ್ಸಿ ಬಂದು ನಿಂತಾಗ ಅದನ್ನು ತಿದ್ದಿಸಲು ಹೊತ್ತು ಸಿಗುವುದಿಲ್ಲ.