ಫ್ರಿಜ್ ಬಾಗಿಲಿನ ಅರೆಖಾಲಿ ಬಾಟಲಿಗಳು ಮತ್ತು ನನ್ನ ಸ್ಲೋ ಕುಕರ್

ಮಿಷಿಗನ್‌ನ ನಮ್ಮ ಮನೆಯ ಫ್ರಿಜ್ ಬಾಗಿಲಲ್ಲಿ ಯಾವಾಗ ನೋಡಿದರೂ ತಳದಲ್ಲಿ ಎರಡು ಚಮಚ ಉಳಿದಿರುವ ಬಾಟಲಿಗಳೇ ಜಾಸ್ತಿ. ಆರೆಂಜ್ ಮಾರ್ಮಲೇಡ್ ಎಂಬ ಕಿತ್ತಳೆ ಜಾಮ್, ಡಿಜಾನ್ ಸಾಸಿವೆ ಪೇಸ್ಟ್, ಬಾರ್ಬೆಕ್ಯೂ ಸಾಸ್, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ತಂದು ಉಳಿದ ಕ್ರ್ಯಾನ್‌ಬೆರಿ ಸಾಸ್, ಚೈನೀಸ್ ಹೋಟೆಲಿನ ಸೋಯಾ ಸಾಸ್ ಪೊಟ್ಟಣಗಳು. ಪಕ್ಕದಲ್ಲೇ ಊರಿಂದ ಬಂದ ಪುಳಿಯೋಗರೆ ಗೊಜ್ಜು, ಜೋನಿ ಬೆಲ್ಲ, ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿ. ಎಸೆಯೋಕೆ ಮನಸ್ಸು ಬರುವುದಿಲ್ಲ, ಒಂದು ಊಟಕ್ಕೆ ಸಾಲುವುದಿಲ್ಲ. ಇವನ್ನೆಲ್ಲ ನಾನು ಸ್ಲೋ ಕುಕರ್‌ನಲ್ಲಿ (ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟ್ ಪಾತ್ರೆ) ಬೇಯಿಸಿದ ಮಾಂಸಕ್ಕೆ ಗ್ಲೇಜ್, ಅಂದರೆ ಮೇಲೆ ಹಚ್ಚುವ ಹೊಳೆಯುವ ಅಂಟು ಲೇಪ, ಮಾಡಿ ಖಾಲಿ ಮಾಡುತ್ತೇನೆ.

ಇಲ್ಲಿನ ಎಷ್ಟೋ ರೆಸಿಪಿಗಳು ಬೆಳಿಗ್ಗೆಯೇ ಸಾಸ್, ಜಾಮ್ ಎಲ್ಲವನ್ನೂ ಮಾಂಸದ ಮೇಲೆ ಸುರಿದು ಮುಚ್ಚಳ ಹಾಕಿ ಅನ್ನುತ್ತವೆ. ಹಾಗೆ ಮಾಡಿದರೆ ಸಂಜೆಗೆ ಸಿಗುವುದು ಸಿಹಿ ಸಾರು. ಈ ಪಾತ್ರೆ ಹುಟ್ಟಿದ್ದೇ ಕಾಳು ಬೇಯಿಸಲು. ಇರ್ವಿಂಗ್ ನ್ಯಾಕ್ಸನ್ ಎಂಬವರು 1940ರಲ್ಲಿ ಪೇಟೆಂಟ್ ಪಡೆದರು. 1971ರಲ್ಲಿ ರೈವಲ್ ಕಂಪನಿ ಅದನ್ನೇ ತಿದ್ದಿ ಕ್ರಾಕ್‌ಪಾಟ್ ಎಂದು ಮಾರಿತು. ಕಾಳು ಬೇಯಬೇಕಾದರೆ ನೀರು ಆರಬಾರದು ಅಲ್ವಾ? ಆವಿ ಮುಚ್ಚಳಕ್ಕೆ ತಾಗಿ ಮತ್ತೆ ಒಳಗೇ ಬೀಳುತ್ತದೆ. ಮೇಲಾಗಿ ಮಾಂಸವೂ ನೀರು ಬಿಡುತ್ತದೆ. ಅಂದಮೇಲೆ ಗ್ಲೇಜ್ ಅದರೊಳಗೆ ಗಟ್ಟಿಯಾಗುವ ಮಾತೇ ಇಲ್ಲ. ಕುಕರ್ ಮಾಂಸವನ್ನು ಮೆತ್ತಗೆ ಮಾಡಲಿ, ಗ್ಲೇಜ್ ಒಲೆಯ ಮೇಲೆ ಆಗಲಿ. ನನ್ನ ಲೆಕ್ಕ ಇಷ್ಟೇ.

ನಾನು ಹೆಚ್ಚಾಗಿ ಮಾಡುವುದು ಪೋರ್ಕ್ ಶೋಲ್ಡರ್, ಹಂದಿಯ ಭುಜದ ಮಾಂಸ. ಮೂಳೆ ಇಲ್ಲದ ನಾಲ್ಕು ಪೌಂಡ್ ತುಂಡಿಗೆ ಕರಿಮೆಣಸು, ಸ್ವಲ್ಪವೇ ಉಪ್ಪು ಸವರಿ, ಒಂದು ಈರುಳ್ಳಿ, ಅರ್ಧ ಕಪ್ ನೀರಿನ ಜೊತೆ ಕುಕರ್ ಗುಂಡಿಯನ್ನು "ಲೋ"ಗೆ (ಕಡಿಮೆ ಬಿಸಿಗೆ) ತಿರುಗಿಸಿ ಎಂಟರಿಂದ ಹತ್ತು ಗಂಟೆ ಇಡುತ್ತೇನೆ. ಫ್ರೀಜರ್‌ನ ಹೆಪ್ಪುಗಟ್ಟಿದ ಮಾಂಸದ ಗಡ್ಡೆಯನ್ನು ಹಾಗೇ ಇಳಿಸಬೇಡಿ. ಅದು ಬಿಸಿಯಾಗುವುದು ತುಂಬಾ ನಿಧಾನ, ಅಷ್ಟು ಹೊತ್ತಿನಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯಬಹುದು. ಫೋರ್ಕ್ ಹಾಕಿ ತಿರುವಿದರೆ ಎಳೆ ಬಿಡಬೇಕು. ಥರ್ಮಾಮೀಟರ್ ಚುಚ್ಚಿದರೆ ಸುಮಾರು 200 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತದೆ. ಆಮೇಲೆ ತಳದ ರಸವನ್ನು ಎತ್ತರದ ಗಾಜಿನ ಲೋಟಕ್ಕೆ ಸೋಸುತ್ತೇನೆ. ಐದು ನಿಮಿಷದಲ್ಲಿ ಕೊಬ್ಬು ಮೇಲೆ ತೇಲುತ್ತದೆ. ಚಮಚದಲ್ಲಿ ಅದನ್ನು ತೆಗೆದುಬಿಡಿ, ಇಲ್ಲದಿದ್ದರೆ ಗ್ಲೇಜ್ ಜಿಡ್ಡಾಗಿ ಜಾರಿಹೋಗುತ್ತದೆ.

ಈಗ ಬಾಟಲಿಗಳ ಸರದಿ. ಖಾಲಿ ಅನ್ನಿಸುವ ಸಾಸಿವೆ ಬಾಟಲಿಗೆ ಎರಡು ಚಮಚ ವಿನಿಗರ್ ಹಾಕಿ, ಮುಚ್ಚಳ ಬಿಗಿದು ಜೋರಾಗಿ ಅಲ್ಲಾಡಿಸುತ್ತೇನೆ. ಗೋಡೆಗೆ ಅಂಟಿದ್ದೆಲ್ಲ ಇಳಿದು ಬರುತ್ತದೆ. ಜಾಮ್ ಬಾಟಲಿಗೆ ಅದೇ ಬಿಸಿ ರಸ ಸ್ವಲ್ಪ ಹಾಕಿದರೆ ಸಾಕು. ಒಂದು ಕಪ್ ರಸಕ್ಕೆ ಅರ್ಧ ಕಪ್ ಮಾರ್ಮಲೇಡ್, ಎರಡು ಚಮಚ ಸೋಯಾ ಸಾಸ್, ಆ ಸಾಸಿವೆ ವಿನಿಗರ್. ಅಗಲ ಬಾಣಲೆ ಇರಲಿ, ಬೇಗ ಬತ್ತುತ್ತದೆ. ಮೊದಲು ಸಣ್ಣ ನೊರೆ ಗುಳ್ಳೆಗಳು. ಹತ್ತು ನಿಮಿಷದ ಹೊತ್ತಿಗೆ ಗುಳ್ಳೆ ದೊಡ್ಡದಾಗಿ, ಸೋಮಾರಿಯಾಗಿ, ಬೆಲ್ಲದ ಪಾಕ ಬರುವಾಗಿನ ಹಾಗೆ ಹೊಳೆಯುತ್ತ ಒಡೆಯುತ್ತವೆ. ಚಮಚದ ಬೆನ್ನ ಮೇಲೆ ಬೆರಳಲ್ಲಿ ಗೆರೆ ಎಳೆದರೆ ಕೂಡಿಕೊಳ್ಳಬಾರದು. ಜಾಮ್‌ನ ಪೆಕ್ಟಿನ್, ಮಾಂಸ ಬಿಟ್ಟ ಜೆಲಟಿನ್ ಎರಡೂ ಗಟ್ಟಿ ಮಾಡುವಂಥವು, ಹಾಗಾಗಿ ಕಾರ್ನ್‌ಸ್ಟಾರ್ಚ್ ಬೇಕಾಗುವುದೇ ಕಡಿಮೆ. ಉಪ್ಪಿನ ರುಚಿ ನೋಡುವುದು ಕೊನೆಗೇ. ಬತ್ತಿದಂತೆ ನೀರು ಹೋಗುತ್ತದೆ, ಸೋಯಾ ಸಾಸಿನ ಉಪ್ಪು ಉಳಿಯುತ್ತದೆ.

ಮಾಂಸವನ್ನು ದಪ್ಪ ತುಂಡುಗಳಾಗಿ ಬಿಡಿಸಿ, ಫಾಯಿಲ್ ಹಾಸಿದ ಟ್ರೇ ಮೇಲೆ ಹರಡಿ, ಬ್ರಷ್‌ನಲ್ಲಿ ಹಚ್ಚಿ ಓವನ್‌ನ ಬ್ರಾಯ್ಲರ್ (ಮೇಲಿಂದ ಜೋರು ಬಿಸಿ ಕೊಡುವ ಭಾಗ) ಕೆಳಗೆ ಮೂರು ನಿಮಿಷ. ಮತ್ತೊಮ್ಮೆ ಹಚ್ಚಿ ಇನ್ನೆರಡು ನಿಮಿಷ. ಅಂಚು ಕಪ್ಪಗೆ ಕುಗ್ಗಿ ಅಂಟಂಟಾಗಬೇಕು. ಆ ಐದು ನಿಮಿಷ ಫೋನ್ ಬಂದರೂ ಎತ್ತಬೇಡಿ. ಸಕ್ಕರೆ ಕರಿಯಾಗುವುದಕ್ಕೂ ಸೀದು ಕಹಿಯಾಗುವುದಕ್ಕೂ ನಡುವೆ ಜಾಸ್ತಿ ಸಮಯ ಇಲ್ಲ. ಕುಕರ್‌ನ ಪಿಂಗಾಣಿ ಪಾತ್ರೆಯನ್ನೇ ಬ್ರಾಯ್ಲರ್ ಕೆಳಗೆ ತಳ್ಳಬೇಡಿ, ಸೀಳುತ್ತದೆ.

ಯಾವ ಬಾಟಲಿಗೆ ಯಾವುದು ಜೋಡಿ ಅಂತ ಕೇಳುವವರಿಗೆ ನನ್ನ ಉತ್ತರ, ಗೊಜ್ಜು ಮಾಡಲು ಬಂದರೆ ಇದೂ ಬರುತ್ತದೆ. ಸಿಹಿ, ಹುಳಿ, ಉಪ್ಪು, ಖಾರ ಒಂದೊಂದು ಇದ್ದರೆ ಆಯಿತು. ಇಲ್ಲಿನವರು ಪಾಟ್‌ಲಕ್ ಊಟಕ್ಕೆ (ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಊಟ) ದ್ರಾಕ್ಷಿ ಜೆಲ್ಲಿ ಮತ್ತು ಚಿಲ್ಲಿ ಸಾಸ್ ಸೇರಿಸಿ ಮೀಟ್‌ಬಾಲ್ ಮಾಡಿ ತರುತ್ತಾರೆ. ಕೇಳಿದರೆ ವಿಚಿತ್ರ, ಬಾಯಿಗಿಟ್ಟರೆ ಅದೇ ಲೆಕ್ಕ. ನನಗೆ ಮಾತ್ರ ಅದು ಸಿಹಿ ಜಾಸ್ತಿ.

ನನ್ನ ಮೆಚ್ಚಿನದು ಪುಳಿಯೋಗರೆ ಗೊಜ್ಜು. ಎರಡು ಚಮಚ ಗೊಜ್ಜು, ಮೂರು ಚಮಚ ಜೋನಿ ಬೆಲ್ಲ, ಅರ್ಧ ಕಪ್ ರಸ. ಚಿಕನ್‌ನ ತೊಡೆ ತುಂಡುಗಳಿಗೆ ಹಚ್ಚಿದರೆ ಹುಣಸೆಯ ಹುಳಿ, ಮೆಂತ್ಯದ ಘಮ ಎರಡೂ ಹತ್ತುತ್ತವೆ. ಚಿಕನ್ ಮೊದಲೇ 165 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಬೆಂದಿರಬೇಕು. ಗೊಜ್ಜಿನಲ್ಲೇ ಉಪ್ಪಿರುವುದರಿಂದ ಬೇರೆ ಉಪ್ಪು ಬೇಡ. ಪೋರ್ಕ್‌ಗಾದರೆ ಕಾಚಂಪುಳಿ. ಪಂದಿ ಕರಿಗೆ ಹಾಕುವ ಹಾಗೆ ಕೊನೆಯಲ್ಲಿ ಒಂದೇ ಚಮಚ, ಜೊತೆಗೆ ಮೇಪಲ್ ಸಿರಪ್. ಬಣ್ಣ ಕಡುಗಪ್ಪು, ಹುಳಿ ಗಂಟಲಿಗಿಳಿಯುವವರೆಗೂ ಗೊತ್ತಾಗುತ್ತದೆ. ಅಮ್ಮನಿಗೆ ಫೋನಲ್ಲಿ ಹೇಳಿದಾಗ, "ಅಷ್ಟು ಒಳ್ಳೆ ಕಾಚಂಪುಳಿಗೆ ಸಕ್ಕರೆ ನೀರು ಬೆರೆಸ್ತೀಯೇನೇ?" ಅಂದರು. ಬೆರೆಸುತ್ತೇನೆ.

ಮೇಯನೇಸ್, ರ‍್ಯಾಂಚ್ ಎಂಬ ಸಲಾಡ್ ಸಾಸ್ ಈ ಕೆಲಸಕ್ಕೆ ಬರುವುದಿಲ್ಲ, ಕುದಿಸಿದರೆ ಒಡೆದು ಎಣ್ಣೆ ಬಿಡುತ್ತವೆ. ಬೂಸ್ಟು ಕಂಡ ಜಾಮ್ ಬಾಟಲಿಯನ್ನು ಮೇಲಿನದು ಕೆರೆದು ಬಳಸಬೇಡಿ, ಇಡೀ ಬಾಟಲಿ ಕಸಕ್ಕೆ. ಗ್ಲೇಜ್ ಮಿಕ್ಕರೆ ಚಿಕ್ಕ ಡಬ್ಬಿಯಲ್ಲಿ ಫ್ರೀಜರ್‌ಗೆ ಹಾಕುತ್ತೇನೆ. ಮುಂದಿನ ಸಲ ಎರಡು ಚಮಚ ಬಿಸಿನೀರು ಬೆರೆಸಿ ಕುದಿಸಿದರೆ ಮತ್ತೆ ಹಚ್ಚಬಹುದು.