ಸರೋವರದ ಬ್ಯಾಕ್ಟೀರಿಯಾ ಹೊಸದೇ? ಪತ್ತೆ ಹಚ್ಚುವುದು ಹೀಗೆ

ಸಿಹಿನೀರಿನ ಸರೋವರದಲ್ಲಿ ಹೆಸರಿಲ್ಲದ ಬ್ಯಾಕ್ಟೀರಿಯಾ ಸಿಗುವುದು ದೊಡ್ಡ ಮಾತಲ್ಲ. ಅದು ಹೊಸ ಪ್ರಭೇದವೇ ಎಂದು ಸಾಬೀತು ಮಾಡುವುದೇ ನಿಜವಾದ ಕೆಲಸ.

ಸ್ಟೆರೈಲ್ ಬಾಟಲಿಯಲ್ಲಿ ನೀರು ತುಂಬಿದ ಕೂಡಲೇ ಜಾಗ, ಆಳ, ಉಷ್ಣಾಂಶ, ಪಿಎಚ್ ಬರೆದುಕೊಳ್ಳಿ. ಬಾಟಲಿ ಐಸ್ ಪೆಟ್ಟಿಗೆಗೆ ಹೋಗಲಿ.

ಲ್ಯಾಬ್‌ನಲ್ಲಿ ಪುಷ್ಕಳ ಆಹಾರವಿರುವ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ತಟ್ಟೆಗೆ ಈ ನೀರು ಹಾಕಿದರೆ ಹೊಟ್ಟೆಬಾಕ ಬ್ಯಾಕ್ಟೀರಿಯಾಗಳು ರಾತ್ರೋರಾತ್ರಿ ತಟ್ಟೆಯನ್ನೇ ಆಕ್ರಮಿಸುತ್ತವೆ. ಸರೋವರದ ನಿಜವಾದ ನಿವಾಸಿಗಳು ಅರೆಹೊಟ್ಟೆಗೆ ಒಗ್ಗಿದವು. ಅವಕ್ಕೆ ಕಡಿಮೆ ಆಹಾರದ ಆರ್‌2ಎ ಅಗರ್ ವಾಸಿ: ಲೀಟರಿಗೆ ಗ್ಲುಕೋಸ್ ಬರೀ ಅರ್ಧ ಗ್ರಾಂ. ವಾರಗಟ್ಟಲೆ ಕಾಯುವ ತಾಳ್ಮೆಯೂ ಬೇಕು. ಆಸ್ಟ್ರಿಯಾದ ಮೋಂಡ್ಸೀಯಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಮಾರ್ಟಿನ್ ಹಾನ್ ತಂಡ ಇನ್ನೊಂದು ಉಪಾಯ ಹೂಡಿತು. ನೀರನ್ನು 0.2 ಮೈಕ್ರೋಮೀಟರ್ ರಂಧ್ರದ ಫಿಲ್ಟರ್‌ನಲ್ಲಿ ಸೋಸಿ, ಅದರಲ್ಲೂ ನುಸುಳಿ ಬಂದ ಪುಟಾಣಿಗಳಿಗೆ ಆಹಾರವನ್ನು ದಿನದಿಂದ ದಿನಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸಿತು.

ಕಾಲೊನಿ, ಅಂದರೆ ಬ್ಯಾಕ್ಟೀರಿಯಾಗಳ ಗುಂಪು ಚುಕ್ಕೆಯಂತೆ ಕಂಡಮೇಲೆ ಶುದ್ಧಿ. ಲೂಪನ್ನು (ತುದಿಯಲ್ಲಿ ಉಂಗುರವಿರುವ ತಂತಿ) ಕೆಂಪಗೆ ಕಾಯಿಸಿ, ತಣಿಸಿ, ಕಾಲೊನಿಯ ಅಂಚಿಗೆ ಮುಟ್ಟಿಸಿ ಹೊಸ ತಟ್ಟೆಯ ಮೇಲೆ ಗೀರು ಎಳೆಯಿರಿ. ತಟ್ಟೆ ತಿರುಗಿಸಿ, ಲೂಪನ್ನು ಮತ್ತೆ ಕಾಯಿಸಿ ತಣಿಸಿ, ಹಳೆಯ ಗೀರಿನ ತುದಿಯಿಂದ ಹೊಸದನ್ನು ಎಳೆಯಿರಿ. ಕೊನೆಯ ಗೀರುಗಳಲ್ಲಿ ಕಾಲೊನಿಗಳು ಬಿಡಿಬಿಡಿಯಾಗಿ ಮೂಡುತ್ತವೆ. ಎಲ್ಲವೂ ಒಂದೇ ರೂಪಕ್ಕೆ ಬರುವವರೆಗೆ ಇದೇ ಆವರ್ತನೆ. ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ಎರಡು ಬ್ಯಾಕ್ಟೀರಿಯಾಗಳ ಕಲಬೆರಕೆ ಕಥೆ.

ಆಮೇಲೆ 16ಎಸ್ ಆರ್‌ಆರ್‌ಎನ್‌ಎ ಜೀನ್: ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ, ಗುರುತಿನ ಚೀಟಿಯಂತೆ ಬಳಸುವ ಜೀನ್. ಸುಮಾರು 1,500 ಅಕ್ಷರಗಳ ಈ ತುಣುಕನ್ನು ಪಿಸಿಆರ್‌ನಲ್ಲಿ (ಡಿಎನ್‌ಎ ನಕಲು ಮಾಡುವ ವಿಧಾನ) ಹೆಚ್ಚಿಸಿ, ಓದಿಸಿ, ಈಗಾಗಲೇ ಹೆಸರು ಪಡೆದವುಗಳ ಜತೆ ಹೋಲಿಸಿ. ಹತ್ತಿರದ ಸಂಬಂಧಿಯೊಂದಿಗೆ ಹೋಲಿಕೆ 98.7 ಪ್ರತಿಶತಕ್ಕಿಂತ ಕಡಿಮೆಯಿದ್ದರೆ ಹೊಸದಿರುವ ಸಾಧ್ಯತೆ ಹೆಚ್ಚು. ಹೆಚ್ಚಿದ್ದರೆ? ತಟ್ಟೆ ಎಸೆಯಬೇಡಿ. ಸಿಹಿನೀರಿನ ಬ್ಯಾಕ್ಟೀರಿಯಾ ಕುಲವಾದ ಪಾಲಿನ್ಯೂಕ್ಲಿಯೊಬ್ಯಾಕ್ಟರ್‌ನ ಕೆಲವು ತಳಿಗಳಲ್ಲಿ ಈ ಜೀನ್ 99 ಪ್ರತಿಶತಕ್ಕೂ ಮೀರಿ ಹೋಲುತ್ತಿತ್ತು, ಹಾಗಾಗಿ ಎಲ್ಲವೂ ಒಂದೇ ಪ್ರಭೇದದಡಿ ಇದ್ದವು. ಪೂರ್ತಿ ಜೀನೋಮ್‌ಗಳನ್ನು, ಅಂದರೆ ಇಡೀ ಡಿಎನ್‌ಎ ಬರಹವನ್ನು, ಪಕ್ಕಪಕ್ಕ ಇಟ್ಟಾಗ ಗುಟ್ಟು ರಟ್ಟಾಯಿತು. 2016ರಲ್ಲಿ ಅವನ್ನು ಬೇರೆಬೇರೆ ಪ್ರಭೇದಗಳಾಗಿ ವಿಂಗಡಿಸಲಾಯಿತು.

ಆದ್ದರಿಂದ ಜೀನೋಮ್ ಓದಿಸುವ ಖರ್ಚಿಗೆ ಹಿಂಜರಿಯುವುದು ಸರಿಯಲ್ಲ. ಎರಡು ಜೀನೋಮ್‌ಗಳ ಸರಾಸರಿ ಹೋಲಿಕೆ, ಅಂದರೆ ಎಎನ್‌ಐ, 95–96 ಪ್ರತಿಶತಕ್ಕಿಂತ ಕೆಳಗಿದ್ದರೆ ಪ್ರಭೇದ ಬೇರೆ. ಎರಡು ಡಿಎನ್‌ಎಗಳು ಎಷ್ಟು ಹೊಂದಿಕೊಳ್ಳುತ್ತವೆ ಎಂದು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ಡಿಎನ್‌ಎ-ಡಿಎನ್‌ಎ ಹೈಬ್ರಿಡೈಸೇಷನ್‌ಗೆ ಗಡಿ 70 ಪ್ರತಿಶತ. ಗ್ರಾಂ ಬಣ್ಣ (ಕೋಶಭಿತ್ತಿಯ ಬಗೆ ತಿಳಿಸುವ ಬಣ್ಣದ ಪರೀಕ್ಷೆ), ಕೋಶದ ಆಕಾರ, ಬೆಳೆಯುವ ಉಷ್ಣಾಂಶ ಮತ್ತು ಉಪ್ಪಿನ ಮಿತಿ, ಕೊಬ್ಬಿನಾಮ್ಲಗಳ ವಿವರವೂ ಬೇಕು. ಹತ್ತಿರದ ಸಂಬಂಧಿಯನ್ನೂ ಅದೇ ಲ್ಯಾಬ್‌ನಲ್ಲಿ ಬೆಳೆಸಿ ಹೋಲಿಸಿದರೆ ಈ ವಿವರಗಳಿಗೆ ಬೆಲೆ.

ಹೆಸರು ಕೊನೆಗೆ. ಜೀವಂತ ತಳಿಯನ್ನು ಎರಡು ಬೇರೆ ದೇಶಗಳ ಸೂಕ್ಷ್ಮಜೀವಿ ಸಂಗ್ರಹಾಲಯಗಳಲ್ಲಿ ಠೇವಣಿ ಇಟ್ಟು ಪ್ರಮಾಣಪತ್ರ ಪಡೆಯಬೇಕು. ಯಾರು ಕೇಳಿದರೂ ಅದು ಸಿಗುವಂತಿರಬೇಕು. ಭಾರತದ ನೀರಿನಿಂದ ತೆಗೆದದ್ದಾದರೆ ಜೀವವೈವಿಧ್ಯ ಕಾಯ್ದೆ, 2002 ಕೂಡ ಅನ್ವಯಿಸುತ್ತದೆ. ತಳಿಯನ್ನು ಹೊರದೇಶಕ್ಕೆ ಕಳಿಸುವ ಮೊದಲೇ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮ ನೋಡಿಕೊಳ್ಳಿ.